555 ಟೈಮರ್ ಐಸಿಯಲ್ಲಿ ಮೋಹನ: ಆರು ಗುಂಡಿಗಳ ಪುಟ್ಟ ವಾದ್ಯವನ್ನು ಮನೆಯಲ್ಲೇ ಕಟ್ಟುವುದು

555 ಐಸಿಗೆ (ಕಾಲದ ಲೆಕ್ಕ ಇಡುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್) ಒಂದು ಸ್ಪೀಕರ್ ಜೋಡಿಸಿ ಅದನ್ನು ಕೂಗಿಸುವುದು ಎಲೆಕ್ಟ್ರಾನಿಕ್ಸ್ ಕಲಿಯುವವರ ಅಕ್ಷರಾಭ್ಯಾಸವಿದ್ದಂತೆ. ಎಲ್ಲರೂ ಮಾಡುತ್ತಾರೆ, ಹತ್ತು ನಿಮಿಷ ಖುಷಿಪಡುತ್ತಾರೆ, ಮನೆಯವರು ಗದರಿದ ಮೇಲೆ ಬ್ಯಾಟರಿ ಕಿತ್ತು ಎಲ್ಲವನ್ನೂ ಡಬ್ಬಿಗೆ ತುಂಬುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಆ ಡಬ್ಬಿಯನ್ನು ವರ್ಷಗಳ ನಂತರ ಮತ್ತೆ ತೆರೆಯುವಂತೆ ಮಾಡಿದ್ದು ಒಂದು ಸಣ್ಣ ಲೆಕ್ಕ.

ಈ ಸರ್ಕ್ಯೂಟಿನಲ್ಲಿ ಅಷ್ಟಾಗಿ ನಂಬಲಾಗದ ಭಾಗವೆಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್. ಮೈಮೇಲೆ 0.1 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿದ್ದರೂ ಒಳಗಿನ ಬೆಲೆ (ದುಡ್ಡಿನದಲ್ಲ, ಅಳತೆಯ ಮೌಲ್ಯ) ಶೇಕಡ 5ರಿಂದ 10ರಷ್ಟು ಅತ್ತಿತ್ತ ಇರುವುದು ಸಾಮಾನ್ಯ. ಪಿಯಾನೋದ ಸ್ವರ ಬೇಕೆಂದು ಹೊರಟವರಿಗೆ ಇದು ತಲೆನೋವು. ಏಕೆಂದರೆ ಶೇಕಡ 6ರಷ್ಟು ತಪ್ಪಿದರೆ ಪಕ್ಕದ ಮನೆಯ ಸ್ವರವೇ ಬಂದುಬಿಡುತ್ತದೆ. ಆದರೆ ನಮ್ಮ ಸಂಗೀತದಲ್ಲಿ ಷಡ್ಜಕ್ಕೆ, ಎಂದರೆ ಮೊದಲ ಸ್ವರವಾದ 'ಸ'ಕ್ಕೆ, ಇಂಥದ್ದೇ ಜಾಗ ಎಂಬ ಕಟ್ಟಳೆಯಿಲ್ಲ. ಹಾಡುವವರ ಕಂಠಕ್ಕೆ ಒಪ್ಪಿದ ಕಡೆ ಅದು ಕೂರುತ್ತದೆ. ಉಳಿದ ಸ್ವರಗಳು ಅದರ ಜೊತೆ ಯಾವ ಅನುಪಾತದಲ್ಲಿವೆ ಎಂಬುದಷ್ಟೇ ಮುಖ್ಯ. ನಮ್ಮ ಸರ್ಕ್ಯೂಟಿನ ಎಲ್ಲ ಸ್ವರಗಳಿಗೂ ಕೆಪಾಸಿಟರ್ ಒಂದೇ. ಅದು ತಪ್ಪಿದರೆ ಎಲ್ಲ ಸ್ವರಗಳೂ ಒಟ್ಟಾಗಿ, ಒಂದೇ ಪ್ರಮಾಣದಲ್ಲಿ ಸರಿಯುತ್ತವೆ. ಷಡ್ಜ ಜರುಗುತ್ತದೆ, ರಾಗ ಕೆಡುವುದಿಲ್ಲ.

ಹಾಗಾಗಿ ಇಲ್ಲಿ ಕಟ್ಟುವುದು ಬರೀ ಕೂಗುವ ಸರ್ಕ್ಯೂಟನ್ನಲ್ಲ, ಮೋಹನ ರಾಗದ ಆರು ಸ್ವರಸ್ಥಾನಗಳಿರುವ ಒಂದು ಆಟಿಕೆ ವಾದ್ಯವನ್ನು. ಸ ರಿ ಗ ಪ ದ, ಮೇಲೊಂದು ಸ. ಹಿಂದೂಸ್ತಾನಿಯವರು ಇದೇ ಸ್ವರಗಳನ್ನು ಭೂಪ್ ಎಂದು ಗುರುತಿಸುತ್ತಾರೆ. ಐದೇ ಸ್ವರಗಳಾದ್ದರಿಂದ ಗುಂಡಿಗಳೂ ಕಡಿಮೆ, ಯಾವುದನ್ನು ಒತ್ತಿದರೂ ಕಿವಿಗೆ ಅಷ್ಟೇನೂ ಕಹಿಯಾಗುವುದಿಲ್ಲ.

ಐಸಿಯ ಒಳಗೆ ನಡೆಯುವುದು

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಸಂಸ್ಥೆಗಾಗಿ ಈ ಐಸಿಯನ್ನು ವಿನ್ಯಾಸ ಮಾಡಿದರು. ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಮೊದಲ ವಿನ್ಯಾಸಕ್ಕೆ ಒಂಬತ್ತು ಕಾಲುಗಳು (ಪಿನ್‌ಗಳು) ಬೇಕಾಗಿದ್ದವು. ಒಳಗಿದ್ದ ಒಂದು ಸರ್ಕ್ಯೂಟಿನ ಬದಲು ಹೊರಗೆ ಬರೀ ಒಂದು ರೆಸಿಸ್ಟರ್ (ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಭಾಗ) ಇಟ್ಟರೂ ಸಾಕು ಎಂದು ಅವರಿಗೆ ಹೊಳೆದ ಮೇಲೆ ಎಂಟಕ್ಕೆ ಇಳಿಯಿತು. ಅಗ್ಗದ ಎಂಟು ಕಾಲಿನ ಪ್ಯಾಕೇಜಿನಲ್ಲಿ ಅದು ಕುಳಿತದ್ದು ಹೀಗೆ. ಒಳಗೆ 5 ಕಿಲೋ ಓಮಿನ ಮೂರು ರೆಸಿಸ್ಟರ್‌ಗಳಿರುವುದರಿಂದ 555 ಎಂಬ ಹೆಸರು ಬಂತೆಂದು ಎಲ್ಲ ಕಡೆ ಹೇಳುತ್ತಾರೆ. ಕಾಮೆನ್‌ಜಿಂಡ್ ಅವರೇ ಇದನ್ನು ಅಲ್ಲಗಳೆದಿದ್ದಾರೆ: ಅದು ಮಾರಾಟ ವಿಭಾಗದವರು ಸುಮ್ಮನೆ ಆರಿಸಿದ ಸಂಖ್ಯೆ.

ಹೆಸರಿನ ಕತೆ ಸುಳ್ಳಾದರೂ ಆ ಮೂರು ರೆಸಿಸ್ಟರ್‌ಗಳು ನಿಜ, ನಮ್ಮ ಕೆಲಸವೆಲ್ಲ ನಡೆಯುವುದೂ ಅವುಗಳಿಂದಲೇ. ಅವು ಬ್ಯಾಟರಿಯ ವೋಲ್ಟೇಜನ್ನು ಮೂರು ಸಮಪಾಲು ಮಾಡುತ್ತವೆ. ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ಮೂರನೇ ಒಂದು ಭಾಗಕ್ಕೆ ಇಳಿದಾಗ ಮೋಟಾರ್ ಚಾಲೂ ಆಗಬೇಕು, ಮೂರನೇ ಎರಡು ಭಾಗಕ್ಕೆ ಏರಿದಾಗ ನಿಲ್ಲಬೇಕು. ಇಲ್ಲಿ ಟ್ಯಾಂಕ್ ಎಂದರೆ ಕೆಪಾಸಿಟರ್. 2ನೇ ಕಾಲು ಕೆಳಗಿನ ಗೆರೆಯನ್ನು ಕಾಯುತ್ತದೆ, 6ನೇ ಕಾಲು ಮೇಲಿನ ಗೆರೆಯನ್ನು. ಮೇಲಿನ ಗೆರೆ ಮುಟ್ಟಿದೊಡನೆ 7ನೇ ಕಾಲು ಒಳಗಿಂದೊಳಗೆ ನೆಲಕ್ಕೆ ಕೂಡಿಕೊಂಡು ಕೆಪಾಸಿಟರನ್ನು ಬರಿದು ಮಾಡತೊಡಗುತ್ತದೆ. ಕೆಳಗಿನ ಗೆರೆ ಮುಟ್ಟಿದೊಡನೆ ಬಿಟ್ಟುಬಿಡುತ್ತದೆ. ತುಂಬುತ್ತಿರುವಷ್ಟು ಹೊತ್ತು 3ನೇ ಕಾಲಿನಲ್ಲಿ ವೋಲ್ಟೇಜ್ ಮೇಲಿರುತ್ತದೆ, ಖಾಲಿಯಾಗುವಾಗ ಕೆಳಗೆ. ಸ್ಪೀಕರಿನ ಕಾಗದ ಈ ಏರಿಳಿತಕ್ಕೆ ಮುಂದೆ ಹಿಂದೆ ಸರಿಯುತ್ತದೆ. ಸೆಕೆಂಡಿಗೆ ನೂರಾರು ಬಾರಿ ಸರಿದರೆ ನಮಗೆ ಅದು ಸ್ವರ.

ಗೆರೆಗಳು ಬ್ಯಾಟರಿಯ ಪಾಲುಗಳೇ ಆಗಿರುವುದರಿಂದ ಒಂದು ಲಾಭವಿದೆ. ಬ್ಯಾಟರಿ 9 ವೋಲ್ಟಿನಿಂದ 7ಕ್ಕೆ ಇಳಿದರೆ ತುಂಬುವ ವೇಗವೂ ತಗ್ಗುತ್ತದೆ, ಗೆರೆಗಳೂ ಅಷ್ಟೇ ಕೆಳಗಿಳಿಯುತ್ತವೆ. ಎರಡೂ ಪರಸ್ಪರ ಸರಿಹೋಗಿ ಆವರ್ತನ, ಎಂದರೆ ಸೆಕೆಂಡಿಗೆ ಆಗುವ ಏರಿಳಿತಗಳ ಸಂಖ್ಯೆ, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ದನಿ ಸಣ್ಣದಾಗುತ್ತದೆ, ಶ್ರುತಿ ಮಾತ್ರ ಇಳಿಯುವುದಿಲ್ಲ.

ಲೆಕ್ಕ ಹೀಗಿದೆ. ಬ್ಯಾಟರಿಯ ಪ್ಲಸ್‌ನಿಂದ 7ನೇ ಕಾಲಿಗೆ ಹೋಗುವ ರೆಸಿಸ್ಟರನ್ನು ಮೊದಲನೆಯದು ಎನ್ನೋಣ, 7ರಿಂದ 6ಕ್ಕೆ ಹೋಗುವುದನ್ನು ಎರಡನೆಯದು. ಮೊದಲನೆಯದಕ್ಕೆ ಎರಡನೆಯದರ ಇಮ್ಮಡಿ ಕೂಡಿಸಿ, ಅದನ್ನು ಕೆಪಾಸಿಟರಿನ ಬೆಲೆಯಿಂದ ಗುಣಿಸಿ, ಬಂದದ್ದರಿಂದ 1.44 ಅನ್ನು ಭಾಗಿಸಿದರೆ ಆವರ್ತನ ಹರ್ಟ್ಸ್‌ನಲ್ಲಿ ಸಿಗುತ್ತದೆ. ಮೊದಲನೆಯದು 1 ಕಿಲೋ ಓಮ್, ಎರಡನೆಯದು 27 ಕಿಲೋ ಓಮ್, ಕೆಪಾಸಿಟರ್ 0.1 ಮೈಕ್ರೋಫ್ಯಾರಡ್ ಆದರೆ 261.8 ಹರ್ಟ್ಸ್. ಪಿಯಾನೋದ ನಡು ಸಿ ಸ್ವರದ ಆವರ್ತನ 261.6. ಅಂಗಡಿಯಲ್ಲಿ ಸಾಧಾರಣವಾಗಿ ಸಿಗುವ ಬೆಲೆಗಳೇ ಇಷ್ಟು ಹತ್ತಿರ ತಂದು ನಿಲ್ಲಿಸಿದ್ದು ಆಕಸ್ಮಿಕ. ಬಿಡುವುದೇಕೆಂದು ಅದನ್ನೇ ಷಡ್ಜವೆಂದು ಹಿಡಿದಿದ್ದೇನೆ.

ತರಬೇಕಾದ ಸಾಮಾನು

ಎನ್‌ಇ 555 ಎಂದೇ ಕೇಳಿ ತನ್ನಿ. 7555, ಟಿಎಲ್‌ಸಿ 555 ಮುಂತಾದ ಸಿಮಾಸ್ ಬಗೆಯವು ಬ್ಯಾಟರಿಯನ್ನು ಉಳಿಸುತ್ತವೆ, ನಿಜ. ಆದರೆ ಅವುಗಳಿಗೆ ಸ್ಪೀಕರನ್ನು ನೇರವಾಗಿ ನೂಕುವಷ್ಟು ಕಸುವಿಲ್ಲ. ಹಳೆಯ ಎನ್‌ಇ 555ರ ಔಟ್‌ಪುಟ್ 200 ಮಿಲಿಆಂಪಿಯರ್ ತನಕ ತಡೆದುಕೊಳ್ಳುತ್ತದೆ. ಅದು ಕೆಲಸ ಮಾಡಲು 4.5ರಿಂದ 16 ವೋಲ್ಟ್ ಬೇಕು, ನಮಗೆ 9 ವೋಲ್ಟಿನ ಚೌಕಾಕಾರದ ಬ್ಯಾಟರಿ ಸಾಕು.

ಸ್ಪೀಕರ್ 8 ಓಮ್, ಅರ್ಧ ವ್ಯಾಟ್. ಹಾಳಾದ ಆಟಿಕೆಯದೋ ರೇಡಿಯೋದ್ದೋ ಆದರೂ ಆದೀತು. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಒಂದಿಷ್ಟು ತಂತಿ, ಬ್ಯಾಟರಿ ಕ್ಲಿಪ್, ಆನ್ ಆಫ್ ಸ್ವಿಚ್, ನಾಲ್ಕು ಕಾಲಿನ ಆರು ಪುಶ್ ಬಟನ್, ಒಂದು ಎಲ್‌ಇಡಿ.

ಕೆಪಾಸಿಟರ್‌ಗಳಲ್ಲಿ, ಸ್ವರ ನಿರ್ಧರಿಸುವ 0.1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಬಗೆಯದೇ ಆಗಿರಲಿ. ಅದರ ಮೇಲೆ 104 ಎಂದಿರುತ್ತದೆ: 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪಿಕೋಫ್ಯಾರಡ್. ಪಕ್ಕದಲ್ಲಿ ಜೆ ಅಕ್ಷರವಿದ್ದರೆ ಶೇಕಡ 5ರ ವ್ಯತ್ಯಾಸ, ಕೆ ಇದ್ದರೆ 10. ಬಿಲ್ಲೆಯಂಥ ಸೆರಾಮಿಕ್ ಕೆಪಾಸಿಟರ್ ಇನ್ನೂ ಅಗ್ಗ. ಆದರೆ ಬಿಸಿಗೆ ಅದರ ಬೆಲೆ ಓಡಾಡುತ್ತದೆ, ಬೆರಳಿನಿಂದ ಹಿಡಿದುಕೊಂಡರೂ ಸಾಕು, ಷಡ್ಜ ಜಾರುವುದು ಕೇಳಿಸುತ್ತದೆ. ಸೆರಾಮಿಕ್ ಬಗೆಯ 104 ಒಂದು, 103 ಒಂದು ಬೇರೆ ಕೆಲಸಕ್ಕೆ ಬೇಕು, ತನ್ನಿ. ಎಲೆಕ್ಟ್ರೊಲಿಟಿಕ್ ಬಗೆಯಲ್ಲಿ 100 ಮೈಕ್ರೋಫ್ಯಾರಡಿನದು ಎರಡು, 10 ಮೈಕ್ರೋಫ್ಯಾರಡಿನದು ಒಂದು, ಎಲ್ಲವೂ 16 ವೋಲ್ಟ್ ಅಥವಾ ಹೆಚ್ಚಿನವು.

ರೆಸಿಸ್ಟರ್‌ಗಳು ಶೇಕಡ 1ರ ಮೆಟಲ್ ಫಿಲ್ಮ್ ಬಗೆಯವು, ಕಾಲು ವ್ಯಾಟ್: 100 ಓಮ್, 220 ಓಮ್, 330 ಓಮ್, 390 ಓಮ್, 1 ಕಿಲೋ ಎರಡು, 1.2 ಕಿಲೋ, 1.8 ಕಿಲೋ, 2.2 ಕಿಲೋ, 2.7 ಕಿಲೋ ಎರಡು, 3.3 ಕಿಲೋ, 10 ಕಿಲೋ, 12 ಕಿಲೋ, 27 ಕಿಲೋ, 1 ಮೆಗಾ. ಜೊತೆಗೆ 10 ಕಿಲೋ ಓಮಿನ ಒಂದು ಪೊಟೆನ್ಶಿಯೋಮೀಟರ್, ಎಂದರೆ ರೇಡಿಯೋದ ವಾಲ್ಯೂಮ್ ತಿರುಗಿಸುವ ಗುಬ್ಬಿಯಂಥದ್ದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಕೈಗೆ ಬರುತ್ತವೆ. ಬೇರೆ ಊರುಗಳಲ್ಲಿ ಟಿವಿ ರಿಪೇರಿ ಅಂಗಡಿಯವರನ್ನು ಕೇಳಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ.

ಮಲ್ಟಿಮೀಟರ್ ಇದ್ದರೆ ಪ್ರತಿ ರೆಸಿಸ್ಟರನ್ನೂ ಅಳೆದು, ಬೆಲೆ ಬರೆದ ಕಾಗದದ ಪಟ್ಟಿಗೆ ಅಂಟಿಸಿಟ್ಟುಕೊಳ್ಳಿ. ಇದು ಅತಿ ಎನ್ನಿಸಬಹುದು. ಆದರೆ ಬೆಲೆಯನ್ನು ಬಣ್ಣಗಳಲ್ಲಿ ಹೇಳುವ ಐದು ಪಟ್ಟಿಯ ಮೆಟಲ್ ಫಿಲ್ಮ್ ರೆಸಿಸ್ಟರಿನಲ್ಲಿ 12 ಕಿಲೋ ಎಂದರೆ ಕಂದು, ಕೆಂಪು, ಕಪ್ಪು, ಕೆಂಪು, ಕಂದು, 1.2 ಕಿಲೋ ಎಂದರೆ ಕಂದು, ಕೆಂಪು, ಕಪ್ಪು, ಕಂದು, ಕಂದು. ನೀಲಿ ಮೈಯ ಮೇಲೆ, ರಾತ್ರಿಯ ಹಳದಿ ದೀಪದಲ್ಲಿ, ಆ ನಾಲ್ಕನೇ ಪಟ್ಟಿ ಕೆಂಪೋ ಕಂದೋ ಎಂದು ನಾನು ಒಂದು ಸಂಜೆಯಿಡೀ ಮೋಸಹೋಗಿದ್ದೇನೆ.

ಮೊದಲು ಮಿನುಗಲಿ

ನೇರವಾಗಿ ಸ್ಪೀಕರಿಗೆ ಹಾರಬೇಡಿ. ಮೊದಲು ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಓಡಿಸಿ ನೋಡುವುದು ಜಾಣತನ. ತಪ್ಪಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಐಸಿಯ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇರುತ್ತದೆ. ಅದು ಮೇಲೆ ಬರುವಂತೆ ಹಿಡಿದರೆ ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, 4. ಬಲಗಡೆ ಕೆಳಗಿನಿಂದ ಮೇಲಕ್ಕೆ 5, 6, 7, 8. ಬ್ರೆಡ್‌ಬೋರ್ಡಿನ ನಡುಗಾಲುವೆಯ ಆಚೀಚೆ ನಾಲ್ಕು ನಾಲ್ಕು ಕಾಲು ಬರುವಂತೆ ಕೂರಿಸಿ. ಹೊಸ ಐಸಿಯ ಕಾಲುಗಳು ಸ್ವಲ್ಪ ಅಗಲಿಸಿಕೊಂಡಿರುತ್ತವೆ. ಮೇಜಿನ ಮೇಲೆ ಮಗ್ಗುಲಾಗಿ ಒತ್ತಿ ನೇರ ಮಾಡಿಕೊಳ್ಳದೆ ತುರುಕಿದರೆ ಒಂದು ಕಾಲು ಹೊಟ್ಟೆಯಡಿ ಮಡಚಿಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಈಗ ತಂತಿಗಳು. 1ನೇ ಕಾಲು ಮೈನಸ್ ಸಾಲಿಗೆ, 8ನೇ ಕಾಲು ಪ್ಲಸ್ ಸಾಲಿಗೆ. 4ನೇ ಕಾಲು ರೀಸೆಟ್; ಅದೂ ಪ್ಲಸ್‌ಗೇ ಹೋಗಲಿ, ತೂಗಾಡಲು ಬಿಟ್ಟರೆ ಐಸಿ ಮನಸ್ಸು ಬಂದಾಗ ನಿಲ್ಲುತ್ತದೆ. 2ನ್ನೂ 6ನ್ನೂ ಒಂದು ತಂತಿಯಿಂದ ಕೂಡಿಸಿ. 8ರಿಂದ 7ಕ್ಕೆ 1 ಕಿಲೋ. 7ರಿಂದ 6ಕ್ಕೆ 27 ಕಿಲೋ. 5ರಿಂದ ಮೈನಸ್‌ಗೆ ಸೆರಾಮಿಕ್ 103. 8ಕ್ಕೂ 1ಕ್ಕೂ ನಡುವೆ, ಆದಷ್ಟು ಐಸಿಗೆ ಒತ್ತಿಕೊಂಡು, ಸೆರಾಮಿಕ್ 104. ಪ್ಲಸ್ ಮೈನಸ್ ಸಾಲುಗಳ ನಡುವೆ 100 ಮೈಕ್ರೋಫ್ಯಾರಡಿನದೊಂದು, ಪಟ್ಟೆಯಿರುವ ಕಾಲು ಮೈನಸ್‌ಗೆ. ಎನ್‌ಇ 555 ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಕ್ಷಣದಲ್ಲಿ ಬ್ಯಾಟರಿಯಿಂದ ಗಬಕ್ಕನೆ ದೊಡ್ಡ ಗುಟುಕು ಎಳೆಯುತ್ತದೆ. ಆ ಗುಟುಕನ್ನು ಪಕ್ಕದಲ್ಲೇ ನಿಂತು ಕೊಡುವವು ಈ ಎರಡು. ಇವನ್ನು ಬಿಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. ನಡೆಯುತ್ತದೆ, ಗೊರಗೊರ ಎಂದುಕೊಂಡು.

7ನೇ ಕಾಲಿನ 1 ಕಿಲೋ ರೆಸಿಸ್ಟರನ್ನು ಮರೆತು ಅಲ್ಲಿ ಬರೀ ತಂತಿ ಹಾಕಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಖಾಲಿ ಮಾಡುವ ಸರದಿ ಬಂದಾಗ 7ನೇ ಕಾಲು ಬ್ಯಾಟರಿಯ ಪ್ಲಸ್ಸನ್ನೇ ನೆಲಕ್ಕೆ ಎಳೆಯುತ್ತದೆ. ಐಸಿಯ ಮೇಲೆ ಬೆರಳಿಟ್ಟು ಚುರ್ ಎಂದಾಗ ತೆಗೆದರೂ ಅಷ್ಟರಲ್ಲಿ ಒಳಗಿನ ಟ್ರಾನ್ಸಿಸ್ಟರಿನ ಕತೆ ಮುಗಿದಿರುತ್ತದೆ.

ಇನ್ನು 2ನೇ ಕಾಲಿನಿಂದ ಮೈನಸ್‌ಗೆ 10 ಮೈಕ್ರೋಫ್ಯಾರಡ್, ಪ್ಲಸ್ ಕಾಲು 2ರ ಕಡೆ. 3ನೇ ಕಾಲಿನಿಂದ 1 ಕಿಲೋ, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಮೈನಸ್‌ಗೆ. ಬ್ಯಾಟರಿ ಕೊಡಿ. ಎಲ್‌ಇಡಿ ಸೆಕೆಂಡಿಗೆ ಎರಡೂವರೆ ಸಲ ಮಿನುಗಬೇಕು.

ಮಿನುಗಿದರೆ ಬ್ಯಾಟರಿ ತೆಗೆದು, 10 ಮೈಕ್ರೋಫ್ಯಾರಡ್ ಕಿತ್ತು ಅದೇ ಜಾಗದಲ್ಲಿ ಪಾಲಿಯೆಸ್ಟರ್ 104 ಇಡಿ. ಬೆಲೆ ನೂರರಲ್ಲಿ ಒಂದು ಪಾಲಾಯಿತು, ವೇಗ ನೂರು ಪಟ್ಟಾಯಿತು. ಈಗ ಎಲ್‌ಇಡಿ ನಿಂತೇ ಉರಿದಂತೆ, ಸ್ವಲ್ಪ ಮಂಕಾಗಿ ಕಾಣುತ್ತದೆ. ಕತ್ತಲಲ್ಲಿ ಬೋರ್ಡನ್ನು ಬೀಸಿ ನೋಡಿ, ಬೆಳಕಿನ ಗೆರೆ ತುಂಡು ತುಂಡಾಗಿರುತ್ತದೆ.

ಸ್ಪೀಕರಿಗೆ ದಾರಿ

3ನೇ ಕಾಲಿನಿಂದ 100 ಓಮ್ ರೆಸಿಸ್ಟರ್, ಅದರ ಇನ್ನೊಂದು ತುದಿಗೆ ಎರಡನೇ 100 ಮೈಕ್ರೋಫ್ಯಾರಡಿನ ಪ್ಲಸ್ ಕಾಲು, ಅದರ ಮೈನಸ್ ಕಾಲಿಗೆ ಸ್ಪೀಕರಿನ ಒಂದು ತಂತಿ, ಸ್ಪೀಕರಿನ ಇನ್ನೊಂದು ತಂತಿ ಮೈನಸ್ ಸಾಲಿಗೆ. ಬ್ಯಾಟರಿ ಕೊಟ್ಟರೆ ಷಡ್ಜ ಕೇಳಿಸಬೇಕು. ಸ್ವಲ್ಪ ಕರ್ಕಶವಾಗಿಯೇ ಇರುತ್ತದೆ, ಅದು ಒಮ್ಮೆಲೇ ಏರಿ ಒಮ್ಮೆಲೇ ಇಳಿಯುವ ಚೌಕ ಅಲೆಯ ಗುಣ.

ರೆಸಿಸ್ಟರ್ ಏಕೆ? 9 ವೋಲ್ಟ್ ಬ್ಯಾಟರಿಯಲ್ಲಿ ಎನ್‌ಇ 555ರ ಔಟ್‌ಪುಟ್ ಸುಮಾರು 7.3 ವೋಲ್ಟ್ ತನಕ ಏರುತ್ತದೆ. ಕೆಪಾಸಿಟರ್ ದಾಟಿದ ಮೇಲೆ ಅದು ಸೊನ್ನೆಯ ಆಚೀಚೆ 3.65 ವೋಲ್ಟಿನ ತೂಗಾಟವಾಗುತ್ತದೆ. 8 ಓಮಿಗೆ ಅದನ್ನು ನೇರ ಕೊಟ್ಟರೆ 450 ಮಿಲಿಆಂಪಿಯರ್, ಐಸಿ ತಾಳುವುದರ ಇಮ್ಮಡಿಗಿಂತ ಹೆಚ್ಚು. ನಡುವೆ 100 ಓಮ್ ಇದ್ದರೆ 34 ಮಿಲಿಆಂಪಿಯರ್. ದನಿ ಸಾಲದೆನ್ನಿಸಿದರೆ 47 ಓಮ್ ಹಾಕಬಹುದು, ಆದರೆ ಆಗ ಅರ್ಧ ವ್ಯಾಟಿನದು ಹಾಕಿ. ಕಾಲು ವ್ಯಾಟಿನದು ಕೈ ಸುಡುವಷ್ಟು ಕಾಯುತ್ತದೆ. ಮನೆಯವರ ದೃಷ್ಟಿಯಿಂದ 100 ಓಮೇ ಒಳ್ಳೆಯದು.

ಕೆಪಾಸಿಟರ್ ಏಕೆಂಬುದು ಗುಂಡಿಗಳನ್ನು ಜೋಡಿಸಿದ ಮೇಲೆ ತಾನಾಗಿ ಗೊತ್ತಾಗುತ್ತದೆ.

ಸ್ವರಗಳ ಸರಪಳಿ

ಷಡ್ಜ 1 ಎಂದರೆ ಮೋಹನದ ಚತುಶ್ರುತಿ ರಿಷಭ 9/8, ಅಂತರ ಗಾಂಧಾರ 5/4, ಪಂಚಮ 3/2, ಚತುಶ್ರುತಿ ಧೈವತ 5/3, ತಾರ ಷಡ್ಜ 2. ಸೂತ್ರವನ್ನು ತಿರುಗಿಸಿದರೆ ಪ್ರತಿ ಸ್ವರಕ್ಕೆ ಬೇಕಾದ ಎರಡನೇ ರೆಸಿಸ್ಟರಿನ ಬೆಲೆ ಸಿಗುತ್ತದೆ: 27.5 ಅನ್ನು ಸ್ವರದ ಅನುಪಾತದಿಂದ ಭಾಗಿಸಿ, 0.5 ಕಳೆಯಿರಿ, ಉತ್ತರ ಕಿಲೋ ಓಮ್‌ನಲ್ಲಿ. ಪಂಚಮಕ್ಕೆ 17.83 ಬರುತ್ತದೆ. ಅಂಗಡಿಯಲ್ಲಿ 17.83 ಕೇಳಿದರೆ ನಗುತ್ತಾರೆ. ಅದಕ್ಕೇ ಸಿಗುವ ಬೆಲೆಗಳನ್ನು ಒಂದಕ್ಕೊಂದು ಪೋಣಿಸಿ ಸರಪಳಿ ಮಾಡುತ್ತೇವೆ. ಹೆಚ್ಚಿನ ಸ್ವರಕ್ಕೆ ಕಡಿಮೆ ರೆಸಿಸ್ಟೆನ್ಸ್; ಹಾಗಾಗಿ 7ನೇ ಕಾಲಿಗೆ ಹತ್ತಿರವಿರುವುದು ತಾರ ಷಡ್ಜ, ಕೊನೆಯಲ್ಲಿರುವುದು ಮಂದ್ರಕ್ಕೆ ಹತ್ತಿರದ ಷಡ್ಜ.

27 ಕಿಲೋ ರೆಸಿಸ್ಟರನ್ನು ತೆಗೆದುಬಿಡಿ. 7ನೇ ಕಾಲಿನಿಂದ ಶುರುಮಾಡಿ ಸಾಲಾಗಿ ಹೀಗೆ ಜೋಡಿಸಿ:

12 ಕಿಲೋ ಮತ್ತು 1.2 ಕಿಲೋ, ಇಲ್ಲಿಗೆ ತಾರ ಷಡ್ಜ (ಒಟ್ಟು 13.2 ಕಿಲೋ, 526 ಹರ್ಟ್ಸ್)
ಮುಂದೆ 2.7 ಕಿಲೋ, ಇಲ್ಲಿಗೆ ಧೈವತ (15.9 ಕಿಲೋ, 439 ಹರ್ಟ್ಸ್)
ಮುಂದೆ 1.8 ಕಿಲೋ, ಇಲ್ಲಿಗೆ ಪಂಚಮ (17.7 ಕಿಲೋ, 396 ಹರ್ಟ್ಸ್)
ಮುಂದೆ 3.3 ಕಿಲೋ ಮತ್ತು 390 ಓಮ್, ಇಲ್ಲಿಗೆ ಗಾಂಧಾರ (21.39 ಕಿಲೋ, 329 ಹರ್ಟ್ಸ್)
ಮುಂದೆ 2.2 ಕಿಲೋ ಮತ್ತು 220 ಓಮ್, ಇಲ್ಲಿಗೆ ರಿಷಭ (23.81 ಕಿಲೋ, 296 ಹರ್ಟ್ಸ್)
ಮುಂದೆ 2.7 ಕಿಲೋ ಮತ್ತು 330 ಓಮ್, ಇಲ್ಲಿಗೆ ಷಡ್ಜ (26.84 ಕಿಲೋ, 263 ಹರ್ಟ್ಸ್)

ಪ್ರತಿ 'ಇಲ್ಲಿಗೆ' ಎಂಬಲ್ಲಿ ಒಂದು ಪುಶ್ ಬಟನ್. ಬಟನ್ನಿನ ಒಂದು ಬದಿ ಆ ಕೂಡುವ ಜಾಗಕ್ಕೆ, ಇನ್ನೊಂದು ಬದಿ 6ನೇ ಕಾಲಿಗೆ. ಆರೂ ಬಟನ್‌ಗಳ ಇನ್ನೊಂದು ಬದಿಯನ್ನು ಒಂದೇ ತಂತಿಯಲ್ಲಿ ಕೂಡಿಸಿ 6ಕ್ಕೆ ತಂದರಾಯಿತು. ನಾಲ್ಕು ಕಾಲಿನ ಬಟನ್ನುಗಳಲ್ಲಿ ಕಾಲುಗಳು ಎರಡೆರಡರಂತೆ ಒಳಗೇ ಕೂಡಿಕೊಂಡಿರುತ್ತವೆ. ಯಾವುದು ಯಾವುದರೊಡನೆ ಎಂದು ತಲೆಕೆಡಿಸಿಕೊಳ್ಳುವ ಬದಲು ಮೂಲೆಯಿಂದ ಮೂಲೆಗೆ, ಕರ್ಣದ ಎರಡು ಕಾಲುಗಳನ್ನು ಬಳಸಿ. ಆಗ ತಪ್ಪುವ ಸಂಭವವೇ ಇಲ್ಲ.

ಬಟನ್ ಒತ್ತದಿದ್ದಾಗ ಕೆಪಾಸಿಟರ್ ಯಾರಿಗೂ ಸೇರದೆ ಅನಾಥವಾಗಿರುತ್ತದೆ, ಸೋರಿದ ವಿದ್ಯುತ್ತಿಗೆ ತಕ್ಕಂತೆ ಆಗೊಮ್ಮೆ ಈಗೊಮ್ಮೆ ಟಕ್ ಎನ್ನುತ್ತದೆ. 6ನೇ ಕಾಲಿನಿಂದ ಮೈನಸ್‌ಗೆ 1 ಮೆಗಾ ಓಮ್ ಹಾಕಿದರೆ ಅದು ಮೆಲ್ಲಗೆ ಸೊನ್ನೆಗೆ ಇಳಿದು ಅಲ್ಲೇ ಕೂರುತ್ತದೆ. ಸ್ವರಗಳ ಮೇಲೆ ಇದರ ಪರಿಣಾಮ ಶೇಕಡ ಅರ್ಧಕ್ಕಿಂತ ಕಡಿಮೆ. ಆದರೆ ಕೆಪಾಸಿಟರ್ ಸೊನ್ನೆಯಲ್ಲಿದ್ದರೆ ಐಸಿಗೆ ಅದು 'ಇನ್ನೂ ತುಂಬುತ್ತಿದೆ' ಎಂಬ ಸ್ಥಿತಿ; ಔಟ್‌ಪುಟ್ ಮೇಲೇ ನಿಂತಿರುತ್ತದೆ. ಸ್ಪೀಕರಿನ ದಾರಿಯಲ್ಲಿ ಕೆಪಾಸಿಟರ್ ಇಲ್ಲದೇ ಹೋಗಿದ್ದರೆ, ನೀವು ನುಡಿಸದೆ ಸುಮ್ಮನಿರುವಷ್ಟು ಹೊತ್ತೂ ಸುರುಳಿಯಲ್ಲಿ ನೇರ ವಿದ್ಯುತ್ ಹರಿದು, ಕಾಗದ ಒಂದು ಕಡೆಗೆ ಉಬ್ಬಿಕೊಂಡು, ಬ್ಯಾಟರಿ ಸದ್ದಿಲ್ಲದೆ ಬತ್ತುತ್ತಿತ್ತು. ಕೆಪಾಸಿಟರ್ ಬದಲಾವಣೆಯನ್ನು ಮಾತ್ರ ದಾಟಿಸುತ್ತದೆ, ನಿಂತ ವೋಲ್ಟೇಜನ್ನು ತಡೆಯುತ್ತದೆ. ಇದೇ ಕಾರಣಕ್ಕೆ ಪರೀಕ್ಷೆಯ ಎಲ್‌ಇಡಿಯನ್ನೂ ಈಗ ಕಿತ್ತುಬಿಡಿ, ಇಲ್ಲವಾದರೆ ಸದಾ ಉರಿಯುತ್ತಿರುತ್ತದೆ. ಸುಮ್ಮನಿದ್ದಾಗಲೂ ಐಸಿ ಕೆಲವು ಮಿಲಿಆಂಪಿಯರ್ ತಿನ್ನುವುದರಿಂದ ಆನ್ ಆಫ್ ಸ್ವಿಚ್ಚನ್ನು ಬಿಡಬೇಡಿ.

ಎರಡು ಬಟನ್ ಒಟ್ಟಿಗೆ ಒತ್ತಿದರೆ? ನಡುವಿನ ರೆಸಿಸ್ಟರ್‌ಗಳು ಬದಿಗೆ ಸರಿದು ಮೇಲಿನ ಸ್ವರವೇ ಗೆಲ್ಲುತ್ತದೆ. ಇದನ್ನು ದೋಷವೆಂದುಕೊಳ್ಳಬೇಡಿ. ಎಡಗೈಯಿಂದ ರಿಷಭವನ್ನು ಒತ್ತಿ ಹಿಡಿದು ಬಲಗೈಯಿಂದ ಗಾಂಧಾರವನ್ನು ಬಡಬಡ ಬಡಿದರೆ ರಿಗರಿಗರಿಗ ಎಂದು ನಡುವೆ ಬಿರುಕಿಲ್ಲದೆ ಬರುತ್ತದೆ. ಮಕ್ಕಳು ಇದನ್ನು ಎರಡು ನಿಮಿಷದಲ್ಲಿ ಕಂಡುಕೊಳ್ಳುತ್ತಾರೆ.

ಷಡ್ಜವನ್ನು ಕೂರಿಸುವುದು

ಈಗ ವಾದ್ಯಕ್ಕೆ ರಾಗವಿದೆ, ಶ್ರುತಿಗೆ ಹಿಡಿ ಇಲ್ಲ. ಅನೇಕರು ಸರಪಳಿಯ ಜೊತೆ ಒಂದು ಪೊಟೆನ್ಶಿಯೋಮೀಟರ್ ಸೇರಿಸುತ್ತಾರೆ. ಅದು ತಪ್ಪು: ಎಲ್ಲ ಸ್ವರಗಳಿಗೂ ಒಂದೇ ಮೊತ್ತ ಕೂಡಿದರೆ ಅನುಪಾತ ಕೆಟ್ಟು ಪಂಚಮ ಪಂಚಮವಾಗಿ ಉಳಿಯುವುದಿಲ್ಲ. ಎಲ್ಲವನ್ನೂ ಗುಣಿಸುವಂಥ ಹಿಡಿ ಬೇಕು. ಅದು 5ನೇ ಕಾಲಿನಲ್ಲಿದೆ.

5ನೇ ಕಾಲು ನೇರವಾಗಿ ಮೇಲಿನ ಗೆರೆಗೆ ಕಟ್ಟಿದ ದಾರ. ಅಲ್ಲಿನ ವೋಲ್ಟೇಜ್ ಏರಿಸಿದರೆ ಟ್ಯಾಂಕ್ ಇನ್ನಷ್ಟು ತುಂಬಬೇಕು, ಸ್ವರ ಇಳಿಯುತ್ತದೆ. ಇಳಿಸಿದರೆ ಸ್ವರ ಏರುತ್ತದೆ. ಪೊಟೆನ್ಶಿಯೋಮೀಟರಿನ ಎರಡು ಕೊನೆಯ ಕಾಲುಗಳನ್ನು ಪ್ಲಸ್ ಮತ್ತು ಮೈನಸ್‌ಗೆ ಕೊಡಿ, ನಡುಗಾಲನ್ನು 10 ಕಿಲೋ ರೆಸಿಸ್ಟರಿನ ಮೂಲಕ 5ನೇ ಕಾಲಿಗೆ. ಮೊದಲು ಹಾಕಿದ 103 ಅಲ್ಲೇ ಇರಲಿ. ಈಗ ತಿರುಗಿಸಿದರೆ ಷಡ್ಜ ಸುಮಾರು 227ರಿಂದ 335 ಹರ್ಟ್ಸ್ ತನಕ ಓಡಾಡುತ್ತದೆ, ಹಾರ್ಮೋನಿಯಂನ ಆರು ಮನೆಗಿಂತ ಹೆಚ್ಚು. ಅನುಪಾತಗಳೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ, ಏಕೆಂದರೆ ಮೊದಲನೇ ರೆಸಿಸ್ಟರ್ 1 ಕಿಲೋ ಮಾತ್ರ, ಸರಪಳಿಯ ಮುಂದೆ ಬಲು ಸಣ್ಣದು. ನಡುವೆ 10 ಕಿಲೋ ಇಡದೆ ನೇರ ಕೊಟ್ಟರೆ ತುದಿ ಮುಟ್ಟಿದಾಗ ಐಸಿ ಬಾಯಿ ಮುಚ್ಚಿಬಿಡುತ್ತದೆ.

ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿ, ನಿಮ್ಮ ಶ್ರುತಿ ಇಟ್ಟು, ಷಡ್ಜದ ಬಟನ್ ಒತ್ತಿ ಹಿಡಿದು ಗುಬ್ಬಿಯನ್ನು ನಿಧಾನ ತಿರುಗಿಸಿ. ಎರಡು ದನಿಗಳೂ ಹತ್ತಿರ ಬಂದಂತೆ ನಡುವೆ ಒಂದು ಅಲೆ ಏಳುತ್ತದೆ, ಊಂ ಊಂ ಎಂದು. ಇನ್ನೂ ಹತ್ತಿರವಾದಾಗ ಅಲೆ ಉದ್ದವಾಗುತ್ತದೆ, ಕೂಡಿದಾಗ ಮಲಗುತ್ತದೆ. ಆಮೇಲೆ ಪಂಚಮ ಒತ್ತಿ ನೋಡಿ, ಅದಾಗಲೇ ಸೇರಿಕೊಂಡಿರುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಸುಖ ಇರುವುದು ಈ ಒಂದು ಗಳಿಗೆಯಲ್ಲಿ. ನುಡಿಸುವಾಗ ಅದೇ ಗುಬ್ಬಿಯನ್ನು ಸಣ್ಣಗೆ ಅಲುಗಿಸಿದರೆ ಕಂಪಿತದ ನೆರಳೂ ಸಿಗುತ್ತದೆ. ಗಮಕ ಎಂದು ಕರೆಯುವಷ್ಟು ಧೈರ್ಯ ನನಗಿಲ್ಲ.

ಸದ್ದು ಬಾರದಿದ್ದರೆ

ಮೊದಲು ಐಸಿಯನ್ನು ಮುಟ್ಟಿ ನೋಡಿ. ಬಿಸಿಯಿದ್ದರೆ ಒಡನೆ ಬ್ಯಾಟರಿ ಕಿತ್ತು, ತಲೆಕೆಳಗಾಗಿ ಕೂರಿಸಿದ್ದೀರಾ ನೋಡಿ. ತಣ್ಣಗಿದ್ದರೆ 8 ಮತ್ತು 1ರ ನಡುವೆ ಬ್ಯಾಟರಿಯ ವೋಲ್ಟೇಜ್ ಇದೆಯೇ ಅಳೆಯಿರಿ. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಪ್ಲಸ್ ಮೈನಸ್ ಸಾಲುಗಳು ನಡುವೆ ತುಂಡಾಗಿರುವುದುಂಟು, ಬಣ್ಣದ ಗೆರೆ ಕಡಿದಿದ್ದರೆ ಅದೇ ಗುರುತು. ಅದೂ ಸರಿಯಿದ್ದರೆ 104ರ ಜಾಗಕ್ಕೆ ಮತ್ತೆ 10 ಮೈಕ್ರೋಫ್ಯಾರಡ್ ಹಾಕಿ ಷಡ್ಜದ ಬಟನ್ ಒತ್ತಿ. ಸ್ಪೀಕರ್ ಟಕ್ ಟಕ್ ಎಂದರೆ ಐಸಿ ಸರಿಯಿದೆ, ಪಾಲಿಯೆಸ್ಟರ್ ಕೆಪಾಸಿಟರಿನ ಕಾಲು ಸರಿಯಾಗಿ ಕೂತಿಲ್ಲ. ಏನೂ ಇಲ್ಲವೆಂದರೆ 2 ಮತ್ತು 6ರ ನಡುವಿನ ತಂತಿಯನ್ನು ಅನುಮಾನಿಸಿ. ನಾನು ಕಂಡ ಹತ್ತರಲ್ಲಿ ಆರು ಸಲ ಅದೇ ಕಳ್ಳ.

ಬಟನ್ ಒತ್ತದೆಯೇ ಒಂದು ಸ್ವರ ನಿಲ್ಲದೆ ಬರುತ್ತಿದ್ದರೆ ಆ ಸ್ವರದ ಬಟನ್ ಅಡ್ಡ ಕೂತಿದೆ. ಒಂದು ಸ್ವರ ಅಪಸ್ವರವಾಗಿ, ಅದರ ಕೆಳಗಿನವೂ ಅಷ್ಟೇ ದೂರ ಸರಿದಿದ್ದರೆ ಆ ಕೊಂಡಿಯ ರೆಸಿಸ್ಟರ್ ಬದಲಾಗಿದೆ. ಸರಪಳಿಯಲ್ಲಿ ತಪ್ಪು ಯಾವಾಗಲೂ ಕೆಳಕ್ಕೆ ಹರಿಯುತ್ತದೆ, ಮೇಲಕ್ಕಲ್ಲ.

ಸ್ಪೀಕರನ್ನು ಮೇಜಿನ ಮೇಲೆ ಬರಿಮೈಯಲ್ಲಿ ಇಟ್ಟರೆ ದನಿ ತೆಳ್ಳಗೆ ಕೀರಲಾಗಿರುತ್ತದೆ. ಕಾಗದದ ಮುಂಭಾಗ ಗಾಳಿಯನ್ನು ನೂಕಿದಾಗ ಹಿಂಭಾಗ ಎಳೆಯುತ್ತದೆ, ಅಂಚಿನಲ್ಲಿ ಎರಡೂ ಕಲೆತು ತಗ್ಗಿನ ಸ್ವರ ಸತ್ತುಹೋಗುತ್ತದೆ. ಒಂದು ರಟ್ಟಿನ ಡಬ್ಬಿಯ ಮುಚ್ಚಳದಲ್ಲಿ ಸ್ಪೀಕರಿನಷ್ಟೇ ತೂತು ಕೊರೆದು ಒಳಗಿನಿಂದ ಅಂಟಿಸಿ, ಮುಚ್ಚಿ. ಅದೇ ಸರ್ಕ್ಯೂಟು, ಅದೇ ಬ್ಯಾಟರಿ. ದನಿಗೆ ಮೈ ಬರುತ್ತದೆ. ಇಷ್ಟವಾದರೆ ತೂತುಗಳಿರುವ ಪಿಸಿಬಿಯ (ಭಾಗಗಳನ್ನು ಬೆಸೆಯುವ ಹಲಗೆ) ಮೇಲೆ ಬೆಸುಗೆ ಹಾಕಿ, ಐಸಿಗೆ ಎಂಟು ಕಾಲಿನ ಸಾಕೆಟ್ ಇಟ್ಟು, ಬಟನ್‌ಗಳನ್ನು ಡಬ್ಬಿಯ ಮೇಲೆ ಸಾಲಾಗಿ ಕೂರಿಸಿ.

ಮೋಹನ ಸಾಕೆನ್ನಿಸಿದ ದಿನ ಸರಪಳಿಯ ಎರಡು ಕೊಂಡಿ ಮಾತ್ರ ಬದಲಿಸಿ. ತಾರ ಷಡ್ಜದ ಮುಂದಿರುವ 2.7 ಕಿಲೋ ತೆಗೆದು ಅಲ್ಲಿ 820 ಓಮ್ ಮತ್ತು 68 ಓಮ್ ಪೋಣಿಸಿ; ಅದರ ಮುಂದಿನ 1.8 ಕಿಲೋ ತೆಗೆದು 3.3 ಕಿಲೋ ಮತ್ತು 330 ಓಮ್ ಹಾಕಿ. ಧೈವತದ ಬಟನ್ ಈಗ ಕಾಕಲಿ ನಿಷಾದವನ್ನು ನುಡಿಯುತ್ತದೆ, ಪಂಚಮ ಇದ್ದಲ್ಲೇ ಇರುತ್ತದೆ, ಡಬ್ಬಿಯಿಂದ ಹಂಸಧ್ವನಿ ಬರುತ್ತದೆ.